ನಕ್ಷೆ ಕೆಂಪಾದರೆ ಪ್ರಾಣಿ ಅಲ್ಲಿದೆ ಅಂತಲಾ?

2009ರಲ್ಲಿ ಮೂವರು ಸಂಶೋಧಕರು ಒಂದು ತರಲೆ ಕೆಲಸ ಮಾಡಿದರು. ಉತ್ತರ ಅಮೆರಿಕದ ಪಶ್ಚಿಮ ಭಾಗದಲ್ಲಿ ಬಿಗ್‌ಫುಟ್ ನೋಡಿದೆವು ಅಂತ ಜನ ಹೇಳಿಕೊಂಡ ಜಾಗಗಳನ್ನು ಗುಡ್ಡೆ ಹಾಕಿ, ಅದು ಎಲ್ಲೆಲ್ಲಿ ಬದುಕಬಹುದು ಅನ್ನೋ ನಕ್ಷೆಯನ್ನು ಕಂಪ್ಯೂಟರ್ ಮಾಡೆಲ್‌ನಿಂದ ತೆಗೆದರು. ಬಿಗ್‌ಫುಟ್ ಗೊತ್ತಲ್ವಾ? ಮೈತುಂಬ ಕೂದಲು, ಎರಡು ಕಾಲಿನ ನಡಿಗೆ, ಇದೆ ಅನ್ನೋಕೆ ಪುರಾವೆ ಮಾತ್ರ ಇಲ್ಲ. ಆದರೂ ನಕ್ಷೆ ಚೆನ್ನಾಗಿಯೇ ಬಂತು! ಅದೂ ಕಪ್ಪು ಕರಡಿಯ ನಕ್ಷೆಯನ್ನೇ ಹೋಲುವ ಹಾಗೆ. ಜನ ನೋಡಿದ್ದು ಏನನ್ನು ಅಂತ ನೀವೇ ಊಹಿಸಿ.

ಈ ಮಾಡೆಲ್‌ಗಳು ಮಾಡೋದು ಇಷ್ಟೇ. ಪ್ರಾಣಿ ಕಂಡ ಜಾಗದ ಮಳೆ, ಬಿಸಿಲು, ಎತ್ತರ ನೋಡುತ್ತವೆ. ಅಂಥದ್ದೇ ಜಾಗ ಇನ್ನೆಲ್ಲಿದೆ ಅಂತ ಹುಡುಕಿ ನಕ್ಷೆಯಲ್ಲಿ ಕೆಂಪು ಬಣ್ಣ ಹಚ್ಚುತ್ತವೆ ಅನ್ನಿ. ತುಂಬಾ ಜನ ಬಳಸುವ ಮ್ಯಾಕ್ಸೆಂಟ್ ಅನ್ನೋ ಸಾಫ್ಟ್‌ವೇರ್‌ಗೆ ‘ಇಲ್ಲಿ ಕಂಡಿತು’ ಅನ್ನೋ ದಾಖಲೆ ಇದ್ದರೆ ಸಾಕು. ‘ಹುಡುಕಿದೆವು, ಸಿಗಲಿಲ್ಲ’ ಅನ್ನೋದು ಬೇಕಿಲ್ಲ.

ನನ್ನ ತಕರಾರು ಇಲ್ಲೇ. ನೋಡುವವರು ಓಡಾಡೋದು ಜಾಸ್ತಿ ರಸ್ತೆ ಪಕ್ಕದಲ್ಲಿ. ಅದನ್ನು ಸರಿಪಡಿಸದೆ ಹೋದರೆ ಮಾಡೆಲ್ ಕಲಿಯೋದು ಮನುಷ್ಯರ ಓಡಾಟವನ್ನು. ಇನ್ನು ನಕ್ಷೆಯನ್ನು ಹಂಚುವ ಚೌಕಗಳ ಗಾತ್ರ ನೋಡಿ. ಎಷ್ಟೋ ನಕ್ಷೆಗಳಲ್ಲಿ ಒಂದು ಚೌಕ ಅಂದ್ರೆ ಸುಮಾರು 1 ಕಿಲೋಮೀಟರ್ ಅಗಲ. ಅಷ್ಟಕ್ಕೂ ಒಂದೇ ಸರಾಸರಿ ಮಳೆ, ಒಂದೇ ಸರಾಸರಿ ತಾಪಮಾನ. ಕಪ್ಪೆಗೆ ಬೇಕಿರೋದು ತೊರೆಯ ಕಲ್ಲಿನಡಿಯ ಗೇಣಗಲದ ತೇವ. ಅದು ಈ ಸರಾಸರಿಯಲ್ಲಿ ಎಲ್ಲಿ ಕಾಣಬೇಕು?

ಕೊನೆಗೆ ಪ್ರಾಣಿಗೆ ಜಾಗ ಎಷ್ಟು ಒಗ್ಗುತ್ತೆ ಅಂತ ಒಂದೊಂದು ಚೌಕಕ್ಕೂ ಸೊನ್ನೆಯಿಂದ ಒಂದರವರೆಗಿನ ಅಂಕ ಬರುತ್ತೆ. ಯಾರೋ ಒಬ್ಬರು ನಡುವೆ ಗೆರೆ ಎಳೆಯುತ್ತಾರೆ: ಮೇಲಿನದಕ್ಕೆ ರಕ್ಷಣೆ, ಕೆಳಗಿನದರಲ್ಲಿ ಕಾಮಗಾರಿಗೆ ಅನುಮತಿ. ಯಾರೂ ಕಾಲಿಡದ ಜಾಗವೂ ‘ಇಲ್ಲೇನೂ ಇಲ್ಲ’ ಅನ್ನೋ ಪಟ್ಟಿಗೆ ಸುಮ್ನೆ ಸೇರಿಹೋಗಬಹುದು.

ಹಾಗಂತ ಇದೆಲ್ಲ ದಂಡ ಅಂತೇನೂ ನಾನು ಹೇಳುತ್ತಿಲ್ಲ. ಮಡಗಾಸ್ಕರ್‌ನಲ್ಲಿ 11 ಬಗೆಯ ಊಸರವಳ್ಳಿಗಳಿಗೆ ಇಂಥ ನಕ್ಷೆ ಮಾಡಿದ್ದರು. ಅವು ಇಲ್ಲದ ಕಡೆಯೂ ಕೆಲವೆಡೆ ಬಣ್ಣ ಬಂತು. ತಪ್ಪು ಅಂತ ಅಳಿಸಿ ಹಾಕಬಹುದಿತ್ತು. ಬದಲಿಗೆ ಅಂಥ ಕಡೆ ಹೋಗಿ ಹುಡುಕಿದರು. ಅದುವರೆಗೆ ಹೆಸರೇ ಇಲ್ಲದಿದ್ದ 7 ಊಸರವಳ್ಳಿಗಳು ಸಿಕ್ಕವು! 2003ರಲ್ಲಿ ಪ್ರಕಟವಾದ ಕೆಲಸ ಇದು.

ಹಾಗಾಗಿ ನಕ್ಷೆಗೆ ಸುರಿಯುವ ದುಡ್ಡಿನಲ್ಲಿ ಒಂದು ಪಾಲು ಕಾಲ್ನಡಿಗೆಗೆ ಇಡಿ. ಕೆಂಪು ಚೌಕಕ್ಕೂ ಹೋಗಿ, ಬಿಳಿ ಚೌಕಕ್ಕೂ ಹೋಗಿ. ಸಿಗದಿದ್ದರೆ ಅದನ್ನೂ ಬರೆದಿಡಿ. ಸಹಿ ಹಾಕುವ ಅಧಿಕಾರಿಗಳು ಮಾಡೆಲ್ ಮಾಡಿದವರನ್ನು ಒಂದು ಮಾತು ಕೇಳಲಿ: ಪ್ರಾಣಿ ಕಂಡಿತು ಅಂತ ಗುರುತು ಹಾಕಿದ ಈ ಚುಕ್ಕೆಗಳಲ್ಲಿ ರಸ್ತೆಯಿಂದ ದೂರದವು ಎಷ್ಟು?