ಕ್ಯಾಪ್ಟನ್ ಅತ್ತಿದ್ದು ಯಾರಿಗಾಗಿ?

ಕೇಳುಗರಿಗೆ ನಮಸ್ಕಾರ.

ಇವತ್ತು ನಾನು ಒಂದೇ ಒಂದು ಹಾಡಿನ ಬಗ್ಗೆ ಮಾತಾಡುತ್ತೇನೆ. ಅದರಲ್ಲೂ ಎರಡೇ ಸಾಲಿನ ಬಗ್ಗೆ. ಹಾಡು ಇಂಗ್ಲೆಂಡಿನದು, ಹೆಸರು ‘ಗ್ರೀನ್‌ಲ್ಯಾಂಡ್ ವೇಲ್ ಫಿಶರೀಸ್’. ಉತ್ತರದ ಹಿಮದ ಸಮುದ್ರಕ್ಕೆ ತಿಮಿಂಗಿಲ ಹಿಡಿಯಲು ಹೋದವರ ಹಾಡು. ಹಾಡಿಯೇ ತೋರಿಸೋಣ ಅಂತಿದ್ದೆ. ‘ಬೇಡ, ಪಟ್ಟಿಯಲ್ಲಿ ಭಾಷಣ ಅಂತ ಇದೆ, ಭಾಷಣವೇ ಆಗಲಿ’ ಅಂದರು ನಿಲಯದವರು. ನನ್ನ ಕಂಠದ ಬಗ್ಗೆ ಯಾರೋ ಮೊದಲೇ ಕಿವಿ ಊದಿರಬೇಕು.

ಕತೆ ಸಣ್ಣದು. ಹಡಗು ಊರು ಬಿಡುತ್ತದೆ. ಹಾಯಿಮರದ ತುದಿಯಲ್ಲಿ ದುರ್ಬೀನು ಹಿಡಿದು ಕೂತವನು ‘ಅಗೋ ತಿಮಿಂಗಿಲ, ನೀರು ಚಿಮ್ಮಿಸ್ತಾ ಇದೆ’ ಅಂತ ಕೂಗುತ್ತಾನೆ. ದೋಣಿ ಇಳಿಸುತ್ತಾರೆ. ಈಟಿ ನಾಟುತ್ತದೆ. ಹಗ್ಗ ಓಡುತ್ತದೆ. ತಿಮಿಂಗಿಲ ಬಾಲ ಎತ್ತಿ ಬೀಸುತ್ತದೆ, ದೋಣಿ ಮಗುಚುತ್ತದೆ. ಐದು ಜನ ನೀರುಪಾಲು. ಕೆಲವರು ಹಾಡುವಾಗ ನಾಲ್ಕು. ಇಷ್ಟಾಗಿ ತಿಮಿಂಗಿಲವೂ ಸಿಗುವುದಿಲ್ಲ. ಸುದ್ದಿ ಕ್ಯಾಪ್ಟನ್ ಕಿವಿಗೆ ಬೀಳುತ್ತದೆ.

ಜಗಳ ಶುರುವಾಗುವುದು ಇಲ್ಲಿ. ಕೆಲವರು ಹೀಗೆ ಹಾಡುತ್ತಾರೆ: ತಿಮಿಂಗಿಲ ಹೋಯಿತಲ್ಲ ಅಂತ ಕ್ಯಾಪ್ಟನ್‌ಗೆ ದುಃಖವಾಯಿತು, ಹುಡುಗರು ಹೋದರಲ್ಲ ಅಂತ ಅದರ ಹತ್ತರಷ್ಟು ದುಃಖವಾಯಿತು. ಇನ್ನು ಕೆಲವರು ಅದನ್ನೇ ತಿರುಗಿಸಿ ಹಾಡುತ್ತಾರೆ: ಹುಡುಗರಿಗಾಗಿ ದುಃಖ, ತಿಮಿಂಗಿಲಕ್ಕಾಗಿ ಹತ್ತರಷ್ಟು. ರಾಗ ಅದೇ, ಮಾತೂ ಹೆಚ್ಚುಕಡಿಮೆ ಅವೇ. ಎರಡು ಸಾಲು ಜಾಗ ಬದಲಾಯಿಸಿವೆ, ಅಷ್ಟೇ. ಒಬ್ಬ ಒಳ್ಳೆಯ ಮನುಷ್ಯ ಕಣ್ಣೆದುರೇ ಕಟುಕನಾಗಿಬಿಟ್ಟ!

ಈ ಹಾಡನ್ನು ಇಷ್ಟಪಡುವವರು ಜಗತ್ತಿನ ತುಂಬ ಇದ್ದಾರೆ. ‘ಪೋಗ್ಸ್’ ತಂಡದವರು 1984ರಲ್ಲಿ ತಮ್ಮ ಮೊದಲ ಆಲ್ಬಮ್‌ನಲ್ಲೇ ಹಾಡಿದರು, ತಿಮಿಂಗಿಲದ ಕಡೆಗೇ ಹತ್ತರಷ್ಟು ದುಃಖ ಹಾಕಿ. ಇಬ್ಬರು ಅಭಿಮಾನಿಗಳು ಸೇರಿದರೆ ಸಾಕು, ಯಾವುದು ಸರಿ, ಯಾವುದು ಮೂಲ ಅಂತ ಹಿಡಿದುಕೊಳ್ಳುತ್ತಾರೆ. ಬೆಳಗಾದರೂ ಮುಗಿಯದ ಚರ್ಚೆ ಅದು. ನನಗಂತೂ ಸಾಕಾಗಿ ಹೋಗಿದೆ.

ಹಾಗಾಗಿ ನಾನು ಹೇಳುವುದು ಇಷ್ಟೇ. ಯಾರಿಗಾಗಿ ಅತ್ತ ಅಂತ ಕೇಳಬೇಡಿ. ದುಡ್ಡು ಯಾರದು ಹೋಯಿತು ಅಂತ ಕೇಳಿ. ಆಗ ಹಾಡು ತಾನಾಗಿಯೇ ಬಾಯಿ ಬಿಡುತ್ತದೆ.

ಮೊದಲು ಆ ದೋಣಿಯೊಳಗೆ ಏನಾಗುತ್ತಿತ್ತು ಅಂತ ನೋಡೋಣ. ಅದು ಗೊತ್ತಿಲ್ಲದೆ ಹಾಡು ಗೊತ್ತಾಗುವುದಿಲ್ಲ. ಒಂದು ದೋಣಿಯಲ್ಲಿ ಆರೇಳು ಜನ. ಮುಂದೆ ಈಟಿಯವನು. ಅವನೂ ಹುಟ್ಟು ಹಾಕಬೇಕು, ಹತ್ತಿರ ಹೋದಾಗ ಹುಟ್ಟು ಬಿಟ್ಟು ಎದ್ದು ನಿಂತು ಎಸೆಯಬೇಕು. ಈಟಿ ತಾಗಿದ ಕೂಡಲೇ ತಿಮಿಂಗಿಲ ಸಾಯುತ್ತದೆ ಅಂತ ನೀವು ಅಂದುಕೊಂಡಿರಬಹುದು. ಇಲ್ಲ. ಆ ಈಟಿ ಬರೀ ಕೊಕ್ಕೆ. ಮೈಯಲ್ಲಿ ಸಿಕ್ಕಿಕೊಂಡು ಹಗ್ಗವನ್ನು ಹಿಡಿದಿಡುವುದಷ್ಟೇ ಅದರ ಕೆಲಸ. ಪೆಟ್ಟು ಬಿದ್ದ ತಿಮಿಂಗಿಲ ನೇರ ಆಳಕ್ಕೆ ಧುಮುಕುತ್ತದೆ. ದೋಣಿಯಲ್ಲಿ ಸುತ್ತಿಟ್ಟ ಹಗ್ಗ ಅದರ ಹಿಂದೆ ಓಡುತ್ತದೆ. ಒಂದು ದೋಣಿಯಲ್ಲಿ ಆರು ಹಗ್ಗ, ಎಲ್ಲ ಸೇರಿಸಿದರೆ 1,300 ಮೀಟರ್. ಮುಂಭಾಗದ ಮರದ ಗೂಟಕ್ಕೆ ಒಂದೆರಡು ಸುತ್ತು ಹಾಕಿರುತ್ತಾರೆ. ಹಗ್ಗ ಉಜ್ಜಿ ಉಜ್ಜಿ ಗೂಟದಿಂದ ಹೊಗೆ ಏಳುತ್ತದೆ, ಪಕ್ಕದವನು ಮೊಗೆದು ಮೊಗೆದು ನೀರು ಹೊಯ್ಯಬೇಕು. ಓಡುವ ಹಗ್ಗದ ಸುರುಳಿಗೆ ಕಾಲು ಸಿಕ್ಕಿದರೆ ಮುಗಿಯಿತು, ಕೂಗುವುದರೊಳಗೆ ಮನುಷ್ಯ ನೀರಿನಡಿ. ಅರ್ಧ ಗಂಟೆ ಬಿಟ್ಟು ಉಸಿರಿಗೆ ಅಂತ ತಿಮಿಂಗಿಲ ಮೇಲೆ ಬರುತ್ತದೆ. ಆಗ ಹತ್ತಿರ ಹೋಗಿ ಉದ್ದನೆಯ ಭರ್ಜಿಯಿಂದ ತಿವಿದು ಕೊಲ್ಲಬೇಕು. ಬಾಲ ಬೀಸುವುದು ಆಗಲೇ.

ಇವರು ಹಿಡಿಯುತ್ತಿದ್ದುದು ‘ಬೋಹೆಡ್’ ತಿಮಿಂಗಿಲ. 18 ಮೀಟರ್‌ವರೆಗೆ ಬೆಳೆಯುತ್ತದೆ. ನಿಧಾನಕ್ಕೆ ಈಜುತ್ತದೆ, ಸತ್ತರೆ ತೇಲುತ್ತದೆ. ಪಾಪ, ಅದೇ ಅದಕ್ಕೆ ಮುಳುವಾಯಿತು. ಚರ್ಮದ ಕೆಳಗೆ ಒಂದೂವರೆ ಅಡಿ ದಪ್ಪದ ಕೊಬ್ಬು. ಅದನ್ನು ಕಾಯಿಸಿದರೆ ಎಣ್ಣೆ. ಆ ಎಣ್ಣೆಯಿಂದ ಬೀದಿ ದೀಪ ಉರಿಯಿತು, ಗಿರಣಿಯ ಯಂತ್ರ ತಿರುಗಿತು.

ಈಗ ವಿಟ್ಬಿಯ ಕತೆ ಹೇಳಬೇಕು. ಸ್ವಲ್ಪ ಉದ್ದವಾದೀತು, ಕೇಳಿಸಿಕೊಳ್ಳಿ.

ವಿಟ್ಬಿ ಇಂಗ್ಲೆಂಡಿನ ಪೂರ್ವ ಕರಾವಳಿಯ ಒಂದು ಸಣ್ಣ ಬಂದರು. ಹಡಗಿನಲ್ಲಿ ಜಗತ್ತು ಸುತ್ತಿದ ಕ್ಯಾಪ್ಟನ್ ಕುಕ್ ಹಡಗಿನ ಕೆಲಸ ಕಲಿತದ್ದು ಅಲ್ಲೇ. 1753ರಿಂದ 1837ರವರೆಗೆ ಅಲ್ಲಿಂದ ತಿಮಿಂಗಿಲ ಬೇಟೆಗೆ ಹಡಗು ಹೋಗುತ್ತಿದ್ದವು. ಹಾಯಿಮರದ ತುದಿಗೆ ಒಂದು ಪೀಪಾಯಿ ಕಟ್ಟಿ ಅದರೊಳಗೆ ಕಾವಲಿನವನನ್ನು ನಿಲ್ಲಿಸುವ ಉಪಾಯ ಮಾಡಿದವನು ಆ ಊರಿನ ವಿಲಿಯಂ ಸ್ಕೋರ್ಸ್‌ಬಿ, 1807ರಲ್ಲಿ. ಅದಕ್ಕೂ ಮುಂಚೆ ಕಾವಲಿನವನು ಆ ಗಾಳಿಗೆ, ಆ ಚಳಿಗೆ ಬಯಲಲ್ಲೇ ಕೂರಬೇಕಿತ್ತು. ಊರಿನ ದಿಬ್ಬದ ಮೇಲೆ ತಿಮಿಂಗಿಲದ ದವಡೆ ಮೂಳೆಗಳನ್ನು ಕಮಾನಿನಂತೆ ನಿಲ್ಲಿಸಿದ್ದಾರೆ. ಈಗಿರುವ ಜೋಡಿ 2003ರಲ್ಲಿ ಅಲಾಸ್ಕಾದಿಂದ ಬಂದದ್ದು. ಅದರ ಕೆಳಗೆ ನಿಂತು ಫೋಟೊ ತೆಗೆಸಿಕೊಳ್ಳಲು ಸಾಲೋ ಸಾಲು. ನಾನೂ ತೆಗೆಸಿಕೊಂಡೆ, ಬಿಡಿ.

ಆಗಸ್ಟ್ ತಿಂಗಳು. ಊರಲ್ಲಿ ಜನಪದ ಹಾಡಿನ ಹಬ್ಬ. ಸಂಜೆ ಒಂದು ಪಬ್ಬಿನೊಳಗೆ ಹೋದೆ. ಜನ ಸುತ್ತ ಕೂತು ಸರದಿಯ ಮೇಲೆ ಹಾಡುತ್ತಿದ್ದರು. ಮೈಕಿಲ್ಲ, ವಾದ್ಯವಿಲ್ಲ. ಒಬ್ಬ ಮುದುಕರು ಕಣ್ಣು ಮುಚ್ಚಿಕೊಂಡು ಇದೇ ಹಾಡು ಎತ್ತಿದರು. ಪ್ರತಿ ನುಡಿಯ ಕೊನೆಗೆ ಎಲ್ಲರೂ ದನಿ ಸೇರಿಸುತ್ತಿದ್ದರು. ಚೆನ್ನಾಗಿಯೇ ಹೋಗುತ್ತಿತ್ತು. ಕ್ಯಾಪ್ಟನ್‌ನ ನುಡಿ ಬಂತು ನೋಡಿ, ಅರ್ಧ ಕೋಣೆ ‘ಹುಡುಗರು’ ಅಂತು, ಅರ್ಧ ಕೋಣೆ ‘ತಿಮಿಂಗಿಲ’ ಅಂತು. ಎರಡೂ ಕಡೆಯವರು ಬಿಡಲಿಲ್ಲ. ಗಂಟಲು ಏರಿಸಿದರು. ಮುದುಕರು ಕಣ್ಣು ಬಿಡಲೇ ಇಲ್ಲ, ತಮ್ಮ ಪಾಡಿಗೆ ಹಾಡು ಮುಗಿಸಿ ಲೋಟ ಎತ್ತಿಕೊಂಡರು.

ಆಮೇಲೆ ಶುರುವಾಯಿತು ಮಾತು. ಒಬ್ಬ ಹೆಂಗಸು, ಶಾಲೆಯ ಟೀಚರ್ ಇರಬೇಕು, ಹೇಳುವುದು ಹಾಗೆಯೇ ಇತ್ತು: ‘ಐದು ಮಕ್ಕಳು ಸತ್ತಿದ್ದಾರೆ. ಕ್ಯಾಪ್ಟನ್ ಕೂಡ ಮನುಷ್ಯನೇ. ಹುಡುಗರಿಗಾಗಿಯೇ ಅಳುತ್ತಾನೆ. ಇನ್ನೊಂದು ಥರ ಹಾಡುವುದು ಬರೀ ಕುಹಕ.’ ಗಡ್ಡದವನೊಬ್ಬ ಮೇಜು ಕುಟ್ಟಿದ. ‘ಹಡಗಿನ ಮಾಲೀಕರ ಜನ ಯಾವತ್ತಾದರೂ ಕೂಲಿಯವನಿಗೆ ಅತ್ತದ್ದು ಉಂಟಾ? ಇದು ಕೆಲಸಗಾರರ ಹಾಡು, ಕ್ಯಾಪ್ಟನ್‌ನ ಮುಖವಾಡ ಕಳಚುವ ಹಾಡು’ ಅಂದ. ಮೂರನೆಯವನೊಬ್ಬ ಇಬ್ಬರೂ ತಪ್ಪು ಅಂದ. ಅವನು ಕಲಿತ ಹಾಡಿನಲ್ಲಿ ಕ್ಯಾಪ್ಟನ್ ಬಾವುಟ ಇಳಿಸುತ್ತಾನೆ, ಎಲ್ಲ ದೇವರ ಇಚ್ಛೆ ಅನ್ನುತ್ತಾನೆ. ಹಾಗೆ ಹಾಡುವುದೂ ಇದೆ, ನಿಜ. ನಾಲ್ಕನೆಯವನು ಇಸವಿ ತೆಗೆದ. ಹಾಡಿನ ಮೊದಲ ಸಾಲಿನಲ್ಲಿ 1853 ಜೂನ್ 13 ಅಂತ ಬರುತ್ತದೆ. ‘ವಿಟ್ಬಿಯ ಹಡಗುಗಳು 1837ಕ್ಕೇ ನಿಂತವು, ಹಾಗಾದರೆ ಇದು ನಮ್ಮೂರ ಹಾಡಲ್ಲ’ ಅಂತ ಅವನ ವಾದ. ಆ ಇಸವಿಗೆ ಕಿಮ್ಮತ್ತು ಕೊಡಬೇಡಿ. ಇನ್ನೊಬ್ಬರ ಬಾಯಲ್ಲಿ ಅದೇ 1801, ಮತ್ತೊಬ್ಬರ ಬಾಯಲ್ಲಿ 1824. ಹಾಡು ಸುಮಾರು 300 ವರ್ಷದ ಹಿಂದೆಯೇ ಅಚ್ಚಾಗಿತ್ತು. ಜೂನ್ ಅಂತೂ ಸುಳ್ಳೇ ಸರಿ, ಬೇಟೆಯ ಹಡಗುಗಳು ಮಾರ್ಚ್‌, ಏಪ್ರಿಲ್‌ಗೇ ಹೊರಡುತ್ತಿದ್ದವು. ಜೂನ್‌ನಲ್ಲಿ ಹೊರಟವನಿಗೆ ಅಲ್ಲಿ ಏನು ಸಿಗುತ್ತದೆ?

ಇಷ್ಟು ಹೊತ್ತೂ ಗಲ್ಲಾದ ಹತ್ತಿರ ಒಬ್ಬ ಹುಡುಗ ನಿಂತಿದ್ದ. ಹಾಡಿನ ಗುಂಪಿನವನಲ್ಲ. ರಬ್ಬರ್ ಬೂಟು, ಕೈ ತುಂಬ ಗಾಯದ ಗೆರೆ. ಮೀನು ದೋಣಿಯವನು ಅಂತ ನೋಡಿದರೇ ಗೊತ್ತಾಗುತ್ತಿತ್ತು. ಅವನು ಸುಮ್ನೆ ಒಂದು ಪ್ರಶ್ನೆ ಕೇಳಿದ. ‘ಅವರಿಗೆ ಸಂಬಳ ಹೇಗೆ ಕೊಡುತ್ತಿದ್ದರು?’

ಯಾರೂ ಉತ್ತರ ಹೇಳಲಿಲ್ಲ. ವರ್ಷಗಟ್ಟಲೆ ಆ ಹಾಡು ಹಾಡಿದವರು! ಅವನೇ ಮುಂದುವರಿಸಿದ. ‘ನಮ್ಮ ದೋಣಿಯಲ್ಲಿ ಸಂಬಳ ಇಲ್ಲ, ಪಾಲು. ಬಲೆ ಹರಿದು ಮೀನು ಹೋದರೆ ಯಜಮಾನನಿಗೆ ಮಾತ್ರ ಅಲ್ಲ, ನನಗೂ ಹೋಯಿತು. ಆವತ್ತು ನಾನೂ ಬೈದುಕೊಳ್ಳುತ್ತೇನೆ.’ ಅಂದವನು ಲೋಟ ಇಟ್ಟು ಹೊರಟೇಹೋದ. ಗಡ್ಡದವನು ಏನೋ ಹೇಳಲು ಬಾಯಿ ತೆರೆದ, ಅಷ್ಟರಲ್ಲಿ ಇನ್ಯಾರೋ ಬೇರೆ ಹಾಡು ಎತ್ತಿಬಿಟ್ಟರು.

ಈ ಪಾಲಿನ ಲೆಕ್ಕ ನಮ್ಮ ಮಲ್ಪೆ, ಮಂಗಳೂರು ಕಡೆಯ ಕೇಳುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಅಲ್ಲಿಯ ದೋಣಿಗಳಲ್ಲೂ ದುಡಿಯುವವರಿಗೆ ಹಿಡಿದ ಮೀನಿನ ಮೇಲೆಯೇ ಪಾಲು, ಅಲ್ವಾ?

ಬ್ರಿಟನ್ನಿನ ತಿಮಿಂಗಿಲದ ಹಡಗಿನಲ್ಲಿ ಹೀಗಿತ್ತು. ತಿಂಗಳಿಗೆ ಇಷ್ಟು ಅಂತ ಸಣ್ಣ ಸಂಬಳ. ಅದರ ಮೇಲೆ ಊರಿಗೆ ತಂದ ಎಣ್ಣೆಯ ಅಳತೆಗೆ ತಕ್ಕಂತೆ ದುಡ್ಡು. ಈಟಿ ನಾಟಿಸಿದವನಿಗೆ ತಿಮಿಂಗಿಲ ಒಂದಕ್ಕೆ ಇಷ್ಟು ಅಂತ ಬೇರೆ. ಹಡಗು ಖಾಲಿ ಬಂದರೆ ಎಣ್ಣೆಯ ದುಡ್ಡೂ ಇಲ್ಲ, ಈಟಿಯ ದುಡ್ಡೂ ಇಲ್ಲ. ಮನೆಯಲ್ಲಿ ಹೆಂಡತಿ ಅಂಗಡಿಯಲ್ಲಿ ಸಾಲ ಬರೆಸಿ ಕಾಯುತ್ತಿರುತ್ತಾಳೆ.

ಇನ್ನೊಂದು ಕಡೆ ನೋಡಿ. ಸರಕಾರ ಈ ಹಡಗುಗಳಿಗೆ ಸಹಾಯಧನ ಕೊಡುತ್ತಿತ್ತು. 1733ರಲ್ಲಿ ಟನ್ನಿಗೆ 20 ಶಿಲಿಂಗ್ ಅಂತ ಶುರುವಾಗಿ 1749ರಲ್ಲಿ 40 ಶಿಲಿಂಗ್ ಆಯಿತು. ಯಾವುದರ ಟನ್ನು? ಎಣ್ಣೆಯದಲ್ಲ ಸ್ವಾಮಿ, ಹಡಗಿನದು! ಹಡಗು ದೊಡ್ಡದಾದಷ್ಟೂ ದುಡ್ಡು ಜಾಸ್ತಿ. ತಿಮಿಂಗಿಲ ಸಿಗಲಿ ಬಿಡಲಿ, ಮಾಲೀಕನ ಕೈಗೆ ಒಂದಿಷ್ಟು ಬಂದೇ ಬರುತ್ತಿತ್ತು. 1824ರವರೆಗೂ ಹೀಗೇ ನಡೆಯಿತು. ಅಂದರೆ ತಿಮಿಂಗಿಲ ತಪ್ಪಿಸಿಕೊಂಡ ದಿನ ಜಾಸ್ತಿ ಪೆಟ್ಟು ಬಿದ್ದದ್ದು ಯಾರಿಗೆ? ಹುಟ್ಟು ಹಾಕಿದವನಿಗೆ. ಈ ಹಾಡು ಹಾಡಿದವನಿಗೆ.

ಆದ್ದರಿಂದ ಮತ್ತೆ ಹೇಳುತ್ತೇನೆ, ದುಡ್ಡು ಯಾರದು ಹೋಯಿತು ಅಂತ ಕೇಳಿ. ‘ತಿಮಿಂಗಿಲಕ್ಕೆ ಹತ್ತರಷ್ಟು’ ಅಂತ ಹಾಡುವಾಗ ಆ ಖಲಾಸಿ ಕ್ಯಾಪ್ಟನ್‌ನನ್ನು ಬೈಯುತ್ತಿದ್ದಾನೆ, ಸರಿ. ಆದರೆ ಪಕ್ಕದಲ್ಲಿ ಹುಟ್ಟು ಹಾಕುತ್ತಿದ್ದ ಗೆಳೆಯ ಸತ್ತ ದಿನವೂ ತನ್ನ ತಲೆಯಲ್ಲಿ ಎಣ್ಣೆಯ ಲೆಕ್ಕ ಓಡಿತ್ತು ಅಂತ ಅವನಿಗೆ ಗೊತ್ತು. ಅದನ್ನು ತನ್ನ ಬಾಯಿಂದ ಹೇಳಲಾಗದೆ ಕ್ಯಾಪ್ಟನ್‌ನ ಬಾಯಿಗೆ ತುರುಕಿದ್ದಾನೆ. ನಾನು ಹಾಡನ್ನು ಓದುವುದು ಹೀಗೆ. ವಿಟ್ಬಿಯ ಟೀಚರಮ್ಮ ಒಪ್ಪುವುದಿಲ್ಲ, ಬೇಡ.

ಹಾಗಂತ ಕ್ಯಾಪ್ಟನ್‌ಗಳೆಲ್ಲ ಕಟುಕರು ಅಂದುಕೊಳ್ಳಬೇಡಿ. ಹುಡುಗರು ಪಟ್ಟ ಪಾಡನ್ನೇ ಪಟ್ಟು ಸತ್ತವರೂ ಇದ್ದಾರೆ. ಇಂಗ್ಲೆಂಡಿನದೇ ಇನ್ನೊಂದು ಬಂದರು ‘ಹಲ್’, ಅಲ್ಲಿಯ ತಿಮಿಂಗಿಲ ಬೇಟೆಯ ‘ಡಯಾನಾ’ ಹಡಗು 1866ರಲ್ಲಿ ಹಿಮದ ನಡುವೆ ಸಿಕ್ಕಿಬಿತ್ತು. ಒಳಗೆ 51 ಜನ. ಕ್ಯಾಪ್ಟನ್ ಜಾನ್ ಗ್ರೇವಿಲ್ ಡಿಸೆಂಬರ್ 26ರಂದು ಹಡಗಿನಲ್ಲೇ ತೀರಿಕೊಂಡರು. ಆಮೇಲೆ ಹಣ್ಣು ತರಕಾರಿ ಸಿಗದವರಿಗೆ ಬರುವ ಸ್ಕರ್ವಿ ರೋಗ ಒಬ್ಬೊಬ್ಬರನ್ನೇ ತೆಗೆದುಕೊಂಡಿತು. 1867ರ ಏಪ್ರಿಲ್ 2ರಂದು ಹಡಗು ಶೆಟ್‌ಲ್ಯಾಂಡ್ ದ್ವೀಪ ಮುಟ್ಟುವಾಗ ಹಾಯಿ ಎಳೆಯಲು ಕೈಯಲ್ಲಿ ಬಲ ಇದ್ದವರು ಕೆಲವೇ ಜನ. ಒಟ್ಟು ಸತ್ತವರು 13. ಇದನ್ನು ನಿಧಾನವಾಗಿ ಹೇಳಬೇಕೆಂದಿದ್ದೆ. ಗಾಜಿನ ಆಚೆಯಿಂದ ನಮ್ಮ ಕಾರ್ಯಕ್ರಮದವರು ಎರಡು ಬೆರಳು ತೋರಿಸುತ್ತಿದ್ದಾರೆ. ವಿಟ್ಬಿಯಲ್ಲಿ ಹೊತ್ತು ಹೋಯಿತು.

ಬೇಗ ಬೇಗ ಎರಡು ಮಾತು. ಹಾಡಿನ ಕೊನೆಯಲ್ಲಿ ಗ್ರೀನ್‌ಲ್ಯಾಂಡ್ ಘೋರವಾದ ಜಾಗ, ಅಲ್ಲಿ ಹಸಿರಿಲ್ಲ, ಹಗಲು ಕಾಣುವುದೇ ಅಪರೂಪ ಅಂತ ಬರುತ್ತದೆ. ಎಲ್ಲರೂ ಗದ್ಗದರಾಗಿ ಹಾಡುತ್ತಾರೆ. ಬೇಟೆ ನಡೆಯುತ್ತಿದ್ದುದು ಬೇಸಗೆಯಲ್ಲಿ. ಅಷ್ಟು ಉತ್ತರಕ್ಕೆ ಹೋದರೆ ಬೇಸಗೆಯಲ್ಲಿ ನಡುರಾತ್ರಿಯೂ ಸೂರ್ಯ ಮುಳುಗುವುದಿಲ್ಲ. ಕತ್ತಲಿನ ಮಾತು ಡಯಾನಾದವರ ಹಾಗೆ ಚಳಿಗಾಲಕ್ಕೆ ಸಿಕ್ಕಿಬಿದ್ದವರಿಗೆ ಸರಿ, ಈ ಹಾಡಿನವರಿಗಲ್ಲ.

ಎರಡನೆಯದು, ಗ್ಯಾಸ್ ದೀಪ ಬಂದ ಮೇಲೆ ದೀಪಕ್ಕೆ ತಿಮಿಂಗಿಲದ ಎಣ್ಣೆ ಬೇಡವಾಯಿತು. ಆದರೂ ಸ್ಕಾಟ್‌ಲ್ಯಾಂಡಿನ ಡಂಡಿ ಊರಿನವರು ಬೇಟೆ ಬಿಡಲಿಲ್ಲ. ಯಾಕೆ ಅಂದರೆ ನಮ್ಮ ಬಂಗಾಳದ ಸೆಣಬು. ಹಡಗಿನಲ್ಲಿ ಡಂಡಿಗೆ ಹೋದ ಸೆಣಬು ಬಹಳ ಗಡುಸು, ಮಗ್ಗಕ್ಕೆ ಬಗ್ಗುತ್ತಿರಲಿಲ್ಲ. ತಿಮಿಂಗಿಲದ ಎಣ್ಣೆ, ನೀರು ಹಾಕಿ ಮೆತ್ತಗೆ ಮಾಡಿ ಗೋಣಿ ನೇಯುತ್ತಿದ್ದರು. ಗೋಣಿಚೀಲಕ್ಕೂ ಈ ಹಾಡಿಗೂ ಏನು ಸಂಬಂಧ ಅಂದರೆ ಇದು ಸಂಬಂಧ. ಅಲ್ಲೂ ದುಡ್ಡಿನ ಲೆಕ್ಕವೇ. ಇದರ ಮೇಲೆ ಇನ್ನೊಂದು ಭಾಷಣ ಕೊಡಿ ಅಂತ ನಿಲಯದವರನ್ನು ಕೇಳಿದ್ದೇನೆ, ನೋಡೋಣ ಅಂದಿದ್ದಾರೆ.

ನಮಸ್ಕಾರ.