ದಸರಾ ಹನ್ನೊಂದು ದಿನ ಹೇಗಾಯ್ತು? ಪಂಚಾಂಗದ ಹಾಜರಿ ಪುಸ್ತಕ

[ತೆರೆಯ ಮೇಲೆ: ಅಡುಗೆಮನೆ ಗೋಡೆ, ಮೊಳೆಗೆ ನೇತುಹಾಕಿದ ಪಂಚಾಂಗ]

ನಮಸ್ಕಾರ. ಇದು ನಮ್ಮನೆ ಪಂಚಾಂಗ. ಮೂಲೆಯಲ್ಲಿ ಹಳದಿ ಕಲೆ ಕಾಣ್ತಿದೆಯಲ್ಲ, ಪೂಜೆಯ ಅರಿಶಿನ ಅಂದುಕೊಳ್ಳಬೇಡಿ. ಅಮ್ಮ ಸಾರಿಗೆ ಒಗ್ಗರಣೆ ಹಾಕುತ್ತಲೇ ಏಕಾದಶಿ ಯಾವತ್ತು ಅಂತ ನೋಡುತ್ತಾರೆ.

ಮಂಡ್ಯದಿಂದ ಒಬ್ಬರು ಕೇಳಿದ್ದರು: "ಅಣ್ಣ, ದಸರಾ ಅಂದ್ರೆ ಹತ್ತು ದಿನ. 2025ರಲ್ಲಿ ಹನ್ನೊಂದು ದಿನ ಯಾಕೆ? ಲೈಟಿಂಗ್ ಒಂದಿನ ಜಾಸ್ತಿ ಇರ್ಲಿ ಅಂತಾನಾ?" ಪ್ರಶ್ನೆ ಚೆನ್ನಾಗಿದೆ. ಆ ವರ್ಷ ಸೆಪ್ಟೆಂಬರ್ 22ಕ್ಕೆ ಶುರು, ಅಕ್ಟೋಬರ್ 2ಕ್ಕೆ ವಿಜಯದಶಮಿ. ಬೆರಳು ಮಡಚಿ ಎಣಿಸಿ, ಹನ್ನೊಂದೇ. ಇದು ಗೊತ್ತಾದರೆ ಒಳ್ಳೆ ದಿನ ಹುಡುಕುವ ಅರ್ಧ ಕೆಲಸ ಗೊತ್ತಾದ ಹಾಗೆ.

ಪಂಚಾಂಗಕ್ಕೆ ಐದು ಅಂಗ: ತಿಥಿ, ವಾರ, ನಕ್ಷತ್ರ, ಯೋಗ, ಕರಣ. ಸ್ಕೂಲಲ್ಲಿ ಬಾಯಿಪಾಠ ಮಾಡಿದ್ದೀರಿ, ಮುಂದೆ ಹೋಗೋಣ. ಇವತ್ತಿನ ಹೀರೋ ತಿಥಿ.

[ತೆರೆಯ ಮೇಲೆ: ರಿಂಗ್ ರೋಡ್ ಚಿತ್ರ, ಒಂದು ಸ್ಕೂಟರ್, ಒಂದು ಕಬ್ಬಿನ ಗಾಡಿ]

ಮೈಸೂರಿನ ರಿಂಗ್ ರೋಡ್ ಪೂರ್ತಿ ಗುಂಡಗಿದೆ ಅಂದುಕೊಳ್ಳಿ. ಅದರ ಮೇಲೆ ಮಂಡ್ಯ ಕಡೆಯ ಒಂದು ಕಬ್ಬಿನ ಗಾಡಿ. ಅದು ಸೂರ್ಯ. ಒಂದು ಸುತ್ತಿಗೆ ಒಂದು ವರ್ಷ. ಅದೇ ದಿಕ್ಕಿಗೆ ಒಂದು ಸ್ಕೂಟರ್. ಅದು ಚಂದ್ರ. ಗಾಡಿ ಒಂದು ಸುತ್ತು ಮುಗಿಸುವಷ್ಟರಲ್ಲಿ ಇದು ಹದಿಮೂರು ಸುತ್ತು ದಾಟಿರುತ್ತದೆ. ಎರಡೂ ಪಕ್ಕಪಕ್ಕ ಬಂದಾಗ ಅಮಾವಾಸ್ಯೆ. ನಡುವಿನ ಊರೇ ಭೂಮಿ. ಊರಿನ ಆಚೆ ಒಂದು, ಈಚೆ ಒಂದು ಇದ್ದಾಗ ಹುಣ್ಣಿಮೆ. ಸ್ಕೂಟರ್ ಗಾಡಿಗಿಂತ 12 ಡಿಗ್ರಿ ಮುಂದೆ ಹೋದರೆ ಪಾಡ್ಯ ಮುಗಿಯಿತು. ಇನ್ನೊಂದು 12 ಹೋದರೆ ಬಿದಿಗೆ ಮುಗಿಯಿತು. ಹೀಗೆ ಮೂವತ್ತು ತಿಥಿ. ಸ್ಕೂಟರ್ ಮತ್ತೆ ಗಾಡಿಯ ಪಕ್ಕ ಬರೋಕೆ ಇಪ್ಪತ್ತೊಂಬತ್ತೂವರೆ ದಿನ.

ತೊಂದರೆ ಏನಂದ್ರೆ, ಈ ಸ್ಕೂಟರ್ ಒಂದೇ ಸ್ಪೀಡಲ್ಲಿ ಹೋಗಲ್ಲ. ಚಂದ್ರನ ದಾರಿ ಮೊಟ್ಟೆಯಾಕಾರ. ಭೂಮಿಗೆ ಹತ್ತಿರ ಬಂದಾಗ ಜೋರು, ದೂರ ಹೋದಾಗ ನಿಧಾನ. ಹಾಗಾಗಿ ಒಂದು ತಿಥಿ 20 ಗಂಟೆಗೂ ಇಳಿಯಬಹುದು, 26 ಗಂಟೆಯನ್ನೂ ದಾಟಬಹುದು. ನಮ್ಮ ಗಡಿಯಾರಕ್ಕೆ ಮಾತ್ರ ದಿನಕ್ಕೆ 24 ಗಂಟೆ, ಒಂದೇ ಹಟ.

ಹಾಗಾದರೆ ಈ ದಿನ ಯಾವ ತಿಥಿ ಅಂತ ಹೇಳೋದು ಹೇಗೆ? ಇಲ್ಲೇ ನನಗೆ ತುಂಬಾ ಇಷ್ಟವಾದ ಭಾಗ. ಹಾಜರಿ!

ಸೂರ್ಯೋದಯ ಅಂದರೆ ಮೇಷ್ಟ್ರು ಹಾಜರಿ ಕೂಗುವ ಹೊತ್ತು. ಆ ಕ್ಷಣ ಕ್ಲಾಸಲ್ಲಿ ಯಾರಿದ್ದಾರೋ ಇಡೀ ದಿನ ಅವರ ಹೆಸರಿಗೆ. ಪಂಚಮಿ ಬೆಳಗಿನ ಹಾಜರಿಗೆ "ಇದ್ದೀನಿ ಸಾರ್" ಅಂದು ಹತ್ತೇ ನಿಮಿಷಕ್ಕೆ ಎದ್ದು ಹೋದರೂ ಆ ದಿನ ಪಂಚಮಿಯೇ. ಈಗ ಬಿದಿಗೆ 6:40ಕ್ಕೆ ಬಂತು ಅನ್ನಿ. ಹಾಜರಿ 6:10ಕ್ಕೇ ಮುಗಿದಿದೆ. ಮರುದಿನ ಬೆಳಗಿನ ಜಾವ 5:30ಕ್ಕೆ ಹೊರಟುಹೋಯ್ತು. ಪಾಪ, ಹೆಚ್ಚೂಕಮ್ಮಿ 23 ಗಂಟೆ ಕ್ಲಾಸಲ್ಲೇ ಕೂತಿತ್ತು, ಆದರೂ ಪುಸ್ತಕದಲ್ಲಿ ಹೆಸರಿಲ್ಲ. ಅದು ಕ್ಷಯ ತಿಥಿ. ಇದರ ಉಲ್ಟಾ, ಉದ್ದದ ತಿಥಿಯೊಂದು ಇವತ್ತೂ ಹಾಜರಿ ಹೇಳಿ ನಾಳೆಯೂ ಹೇಳಿದರೆ ಅದು ವೃದ್ಧಿ. 2025ರ ನವರಾತ್ರಿಯಲ್ಲಿ ಆಗಿದ್ದು ಇದೇ. ಒಂದು ತಿಥಿಗೆ ಎರಡು ಹಾಜರಿ ಸಿಕ್ಕಿತು, ಜಂಬೂ ಸವಾರಿ ಹನ್ನೊಂದನೇ ದಿನಕ್ಕೆ ಹೋಯ್ತು. ಲೈಟಿಂಗ್‌ನವರ ಕೈವಾಡ ಏನಿಲ್ಲ.

ಎಲ್ಲ ಹಬ್ಬಕ್ಕೂ ಬೆಳಗಿನ ಹಾಜರಿಯೇ ಅಲ್ಲ. ಶಿವರಾತ್ರಿಗೆ ನಡುರಾತ್ರಿ ಚತುರ್ದಶಿ ಇರಬೇಕು. ಸಂಕಷ್ಟಿಗೆ ಚಂದ್ರ ಹುಟ್ಟುವಾಗ ಚೌತಿ ಇರಬೇಕು. ಅದಕ್ಕೇ ಪಕ್ಕದ ಮನೆಯವರ ಹಬ್ಬ ಒಮ್ಮೊಮ್ಮೆ ಒಂದಿನ ಮೊದಲೇ ಮುಗಿದಿರುತ್ತದೆ.

ನಮ್ಮ ಅಕ್ಕನ ಗೃಹಪ್ರವೇಶಕ್ಕೆ ಭಾವ ಮೊಬೈಲಲ್ಲೇ ದಿನ ಹುಡುಕಿದ್ದರು. ಅಮ್ಮ ಕನ್ನಡಕ ಹಾಕಿಕೊಂಡು ನೋಡಿ, "ಇದ್ಯಾವೂರ್ದಪ್ಪಾ?" ಅಂದರು. ಆ್ಯಪ್ ಡೆಲ್ಲಿ ಸೂರ್ಯೋದಯ ತೋರಿಸ್ತಿತ್ತು! ತಿಥಿ ಮುಗಿಯುವ ಕ್ಷಣ ದೇಶಕ್ಕೆಲ್ಲ ಒಂದೇ. ಹಾಜರಿ ಹೊತ್ತು ಮಾತ್ರ ಊರೂರಿಗೆ ಬೇರೆ. ಜೂನ್‌ನಲ್ಲಿ ಡೆಲ್ಲಿಯಲ್ಲಿ ನಮಗಿಂತ ಅರ್ಧ ಗಂಟೆ ಮೊದಲು ಬೆಳಗಾಗುತ್ತದೆ, ಡಿಸೆಂಬರ್ ಕೊನೆಗೆ ಅರ್ಧ ಗಂಟೆ ತಡ. ಒಂಟಿಕೊಪ್ಪಲ್ ಪಂಚಾಂಗ ನಮ್ಮ ಮೈಸೂರಿನದೇ ಇರುವಾಗ ಡೆಲ್ಲಿ ಲೆಕ್ಕ ಯಾಕೆ ಸ್ವಾಮಿ?

ಇನ್ನು ಒಳ್ಳೆ ದಿನ. ಮೊದಲು ಬಿಡಬೇಕಾದವು. ಚೌತಿ, ನವಮಿ, ಚತುರ್ದಶಿ ಇವು ರಿಕ್ತ ತಿಥಿ, ಅಂದರೆ ಖಾಲಿ ಕೈ. ಹೊಸ ಕೆಲಸಕ್ಕೆ ಬೇಡ ಅಂತಾರೆ. ಒಂದು ನಿಮಿಷ, ಗಣೇಶ ಬರೋದು ಯಾವತ್ತು? ಚೌತಿ. ರಾಮ ಹುಟ್ಟಿದ್ದು? ನವಮಿ. ನಾವೆಲ್ಲ ಗಾಡಿ ತೊಳೆದು, ನಿಂಬೆಹಣ್ಣು ಇಟ್ಟು, ಕುಂಬಳಕಾಯಿ ಒಡೆಯೋ ಆಯುಧಪೂಜೆ? ಅದೂ ನವಮಿ! ಖಾಲಿ ದಿನಗಳನ್ನೆಲ್ಲ ದೇವರೇ ಬುಕ್ ಮಾಡಿಕೊಂಡ ಹಾಗಿದೆ.

ಆಮೇಲೆ ತಾರಾಬಲ. ಇದನ್ನು ನೀವೇ ಲೆಕ್ಕ ಹಾಕಬಹುದು. ನಿಮ್ಮ ಜನ್ಮನಕ್ಷತ್ರದಿಂದ ಆ ದಿನದ ನಕ್ಷತ್ರದವರೆಗೆ ಎಣಿಸಿ. ಎಣಿಸುವಾಗ ಮೊದಲನೆಯದನ್ನೂ ಕೊನೆಯದನ್ನೂ ಲೆಕ್ಕಕ್ಕೆ ಹಿಡಿಯಿರಿ. ಒಂಬತ್ತು ದಾಟಿದರೆ ಒಂಬತ್ತು ಕಳೆಯುತ್ತಾ ಹೋಗಿ. 3, 5, 7 ಬಂದರೆ ಬೇಡ. ನಮ್ಮ ಭಾವನದು ರೋಹಿಣಿ. ಆ ದಿನ ಸ್ವಾತಿ. ಎಣಿಸಿದರೆ 12, ಒಂಬತ್ತು ಕಳೆದರೆ 3. ಇದಕ್ಕೆ ವಿಪತ್ ತಾರೆ ಅಂತಾರೆ, ಅಂದರೆ ಆಪತ್ತಿನ ನಕ್ಷತ್ರ. ಆ ದಿನ ಹೋಯ್ತು.

[ತೆರೆಯ ಮೇಲೆ: ಓಡುತ್ತಿರುವ ಗಡಿಯಾರ]

ಎಡಿಟಿಂಗ್ ಹುಡುಗ ಕೈ ಸನ್ನೆ ಮಾಡ್ತಿದ್ದಾನೆ, ಉಳಿದದ್ದು ಬೇಗ ಬೇಗ. ಕರಣ ಅಂದರೆ ಅರ್ಧ ತಿಥಿ, ಅದರಲ್ಲಿ ಭದ್ರೆ ಬಿಡಿ. ಯೋಗ ಅಂದರೆ ಸೂರ್ಯ, ಚಂದ್ರರ ಸ್ಥಾನ ಕೂಡಿಸಿದ ಲೆಕ್ಕ, ಅದರಲ್ಲಿ ವ್ಯತೀಪಾತ, ವೈಧೃತಿ ಬಿಡಿ. ರಾಹುಕಾಲ ಅಂದರೆ ಹಗಲಿನ ಎಂಟನೇ ಒಂದು ಭಾಗ. ಕ್ಯಾಲೆಂಡರ್‌ನ "ಸೋಮವಾರ ಏಳೂವರೆಯಿಂದ ಒಂಬತ್ತು" ಅನ್ನೋದು ಆರಕ್ಕೆ ಬೆಳಗಾಗಿ ಆರಕ್ಕೆ ಕತ್ತಲಾಗುತ್ತದೆ ಅಂತ ಇಟ್ಟುಕೊಂಡ ಲೆಕ್ಕ. ಡಿಸೆಂಬರ್ ಕೊನೆಗೆ ಮೈಸೂರಲ್ಲಿ ಸೂರ್ಯ ಏಳೋದೇ ಆರೂವರೆ ದಾಟಿದ ಮೇಲೆ, ರಾಹು ಮಾತ್ರ ಹಳೇ ಟೈಮಿಗೇ ಬರ್ತಾನಾ? ಆಷಾಢದಲ್ಲಿ ಮದುವೆ ಇಲ್ಲ, ಆದರೆ ಶುಕ್ರವಾರ ಚಾಮುಂಡಿ ಬೆಟ್ಟದಲ್ಲಿ ಕಾಲಿಡೋಕೆ ಜಾಗ ಇಲ್ಲ. ಅಧಿಕ ಮಾಸದಲ್ಲೂ ಶುಭಕಾರ್ಯ ಇಲ್ಲ. ಹನ್ನೆರಡು ಚಾಂದ್ರಮಾಸಕ್ಕೆ 354 ದಿನವೇ ಆಗೋದು, ಆ ಕೊರತೆ ತುಂಬೋಕೆ ಎರಡೂಮುಕ್ಕಾಲು ವರ್ಷಕ್ಕೊಮ್ಮೆ ಒಂದು ತಿಂಗಳು ಸೇರಿಸುತ್ತಾರೆ. 2020ರಲ್ಲಿ ಅಧಿಕ ಆಶ್ವಯುಜ ಬಂತು. ಸೆಪ್ಟೆಂಬರ್ 17ಕ್ಕೆ ಮಹಾಲಯ ಅಮಾವಾಸ್ಯೆ ಮುಗಿದರೂ ನವರಾತ್ರಿಗೆ ಅಕ್ಟೋಬರ್ 17ರವರೆಗೆ ಕಾದೆವು. ದಿನ ಸಿಕ್ಕ ಮೇಲೆ ಲಗ್ನ ನೋಡಬೇಕು, ಅಂದರೆ ಆ ಹೊತ್ತಿಗೆ ಪೂರ್ವದಲ್ಲಿ ಹುಟ್ಟುತ್ತಿರುವ ರಾಶಿ. ಒಂದೊಂದು ಸುಮಾರು ಎರಡು ಗಂಟೆ ಇರುತ್ತದೆ.

ಅಕ್ಕನ ಮನೆ ಏನಾಯ್ತು ಅಂತೀರಾ? ಪುರೋಹಿತರು ಮೂರು ದಿನ ಕೊಟ್ಟಿದ್ದರು. ಒಂದನ್ನು ಸ್ವಾತಿ ತಿಂದುಹಾಕಿತು. ಇನ್ನೊಂದು ದಿನ ಅಡುಗೆಯವರು ಬೇರೆ ಕಡೆ ಒಪ್ಪಿಕೊಂಡಿದ್ದರು. ಉಳಿದದ್ದು ಬುಧವಾರ, ಬೆಳಿಗ್ಗೆ 5:40. ಎಲ್ಲ ರೆಡಿ, ಹಸು ಮಾತ್ರ ಹೊಸ್ತಿಲು ದಾಟಲಿಲ್ಲ. ಹೊಸ ಟೈಲ್ಸ್, ಕಾಲು ಜಾರುತ್ತಿತ್ತು. ಭಾವ ಓಡಿಹೋಗಿ ಗೋಣಿಚೀಲ ತಂದು ಹಾಸಿದರು. ಅದು ಒಳಗೆ ಬಂದಾಗ ಗಂಟೆ 6:05. ಪುರೋಹಿತರು ವಾಚ್ ನೋಡಿಕೊಂಡು, "ಲಗ್ನ ಇನ್ನೂ ಇದೆ, ಬನ್ನಿ ಬನ್ನಿ" ಅಂದರು.