ಗಡ್ಡಿಯ ಈಜು, ಹೊಳೆಯ ಸುದ್ದಿ

ಕೇಳುಗರಿಗೆ ನಮಸ್ಕಾರ.

ಮಳೆಗಾಲ ಬಂತೆಂದರೆ ನಮ್ಮ ಭಾಗದ ವಾರ್ತೆಗಳಲ್ಲಿ ಒಂದು ಸುದ್ದಿ ತಪ್ಪದೆ ಬರುತ್ತದೆ. ನಾರಾಯಣಪುರದ ಬಸವಸಾಗರ ಜಲಾಶಯದಿಂದ ಕೃಷ್ಣಾ ನದಿಗೆ ಇಷ್ಟು ಕ್ಯುಸೆಕ್ ನೀರು ಬಿಡಲಾಗಿದೆ, ನದಿ ತೀರದ ಜನರು ಎಚ್ಚರದಿಂದಿರಬೇಕು ಎಂದು ಹೇಳುತ್ತಾರೆ. ಅದಾದ ಮೇಲೆ ಕೊನೆಯಲ್ಲಿ ಕ್ರೀಡಾ ಸುದ್ದಿ ಬರುತ್ತದೆ. ಕೇಳುವವರಿಗೆ ಇವೆರಡೂ ಬೇರೆ ಬೇರೆ ವಿಷಯ. ನದಿಯ ನಡುಗಡ್ಡೆಯಲ್ಲಿ, ನಮ್ಮ ಮಾತಿನಲ್ಲಿ ಗಡ್ಡಿಯಲ್ಲಿ, ಹುಟ್ಟಿದ ನನಗೆ ಮಾತ್ರ ಇವನ್ನು ಬೇರೆ ಮಾಡಿ ನೋಡುವುದು ಇಂದಿಗೂ ಸಾಧ್ಯವಾಗಿಲ್ಲ.

ನಮ್ಮ ಊರು ಯಾದಗಿರಿ ಜಿಲ್ಲೆಯ ನೀಲಕಂಠರಾಯನಗಡ್ಡಿ. ಬಸವಸಾಗರದ ಕೆಳಭಾಗದಲ್ಲಿ, ಕಕ್ಕೇರಿಯ ಸಮೀಪ, ಸುತ್ತಲೂ ಕೃಷ್ಣೆ ಹರಿಯುವ ಸಣ್ಣ ಊರು. ಸಂತೆ, ಆಸ್ಪತ್ರೆ, ಮೇಲಿನ ತರಗತಿಯ ಶಾಲೆ ಎಲ್ಲವೂ ಆಚೆಯ ದಂಡೆಗೇ. ಬೇಸಿಗೆಯಲ್ಲಿ ಹೊಳೆ ಇಳಿದಾಗ ಬಂಡೆಗಳ ಮೇಲೆ ಕಾಲಿಡುತ್ತ ದಾಟಬಹುದು. ಅಣೆಕಟ್ಟೆಯ ಗೇಟು ತೆರೆದರೆ ಅದೇ ಬಂಡೆಗಳು ಕಾಣದಾಗುತ್ತವೆ. ನಾನೀಗ ಕಲಬುರಗಿಯ ಕಪನೂರು ಕೈಗಾರಿಕಾ ಪ್ರದೇಶದ ಒಂದು ಬೇಳೆ ಮಿಲ್ಲಿನಲ್ಲಿ ಕೆಲಸಕ್ಕಿದ್ದೇನೆ. ಆದರೂ ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಊಟದ ಬಿಡುವಿಗೆ ಮೊದಲು ಕೇಳುವುದು ಹೊಳೆಯ ಸುದ್ದಿಯನ್ನೇ.

ವಾರ್ತೆಯಲ್ಲಿ ಹೇಳುವ ಆ ಅಂಕಿ ಎಷ್ಟು ದೊಡ್ಡದು ಎಂಬುದನ್ನು ಒಮ್ಮೆ ಬಿಡಿಸಿ ನೋಡೋಣ. ಒಂದು ಕ್ಯುಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ, ಅಂದರೆ 28 ಲೀಟರಿಗಿಂತ ತುಸು ಹೆಚ್ಚು ನೀರು. ಒಂದು ಲಕ್ಷ ಕ್ಯುಸೆಕ್ ಎಂದಾಗ ಪ್ರತಿ ಸೆಕೆಂಡಿಗೆ 28 ಲಕ್ಷ ಲೀಟರಿಗೂ ಹೆಚ್ಚು ನೀರು ಹರಿಯುತ್ತಿದೆ ಎಂದರ್ಥ. 2019ರ ಆಗಸ್ಟ್‌ನಲ್ಲಿ ಮಹಾರಾಷ್ಟ್ರದ ಘಟ್ಟಗಳಲ್ಲಿ ಮಳೆ ಸುರಿದು, ಆಲಮಟ್ಟಿ ತುಂಬಿ, ಆ ನೀರೆಲ್ಲ ನಾರಾಯಣಪುರಕ್ಕೆ ಬಂದಾಗ ಹೊರಹರಿವು ಲಕ್ಷಗಳ ಲೆಕ್ಕದಲ್ಲಿ ದಿನೇ ದಿನೇ ಏರುತ್ತ ಹೋಯಿತು. ಗಡ್ಡಿಯ ಹಿರಿಯರು ಈ ಅಂಕಿಗಳನ್ನು ಕೇಳಿ ಸುಮ್ಮನೆ ಕೂರುವವರಲ್ಲ. ದಂಡೆಗೆ ಹೋಗಿ ಯಾವ ಬಂಡೆ ಮುಳುಗಿದೆ, ಯಾವ ಜಾಲಿ ಗಿಡದ ಬುಡಕ್ಕೆ ನೀರು ಬಂದಿದೆ ಎಂದು ನೋಡಿ ಬರುತ್ತಾರೆ. "ಹೊಳಿ ಬಂದದ, ಇವತ್ತು ಬ್ಯಾಡ" ಎಂದು ಅವರು ಹೇಳಿದರೆ ಅಂದಿನ ಸಂತೆ ಅಲ್ಲಿಗೆ ಮುಗಿಯಿತು.

ಹೀಗಿದ್ದೂ ದಾಟಲೇಬೇಕಾದ ದಿನಗಳು ಬರುತ್ತಿದ್ದವು. ಅಂಥ ದಿನಗಳಿಗಾಗಿಯೇ ಮನೆಮನೆಯ ಜಂತಿಗೆ ಒಣಗಿದ ಹಾಲುಗುಂಬಳದ ಬುರುಡೆಗಳನ್ನು ಕಟ್ಟಿಟ್ಟಿರುತ್ತಿದ್ದರು. ಕಾಯಿ ಬಳ್ಳಿಯಲ್ಲೇ ಪೂರಾ ಬಲಿಯಬೇಕು. ಅಲುಗಿಸಿದರೆ ಒಳಗೆ ಬೀಜ ಗಲಗಲ ಎನ್ನಬೇಕು. ಸಿಪ್ಪೆಯ ಮೇಲೆ ಕೂದಲೆಳೆಯಷ್ಟು ಬಿರುಕೂ ಇರಬಾರದು. ಹಗ್ಗದಿಂದ ಹೆಣೆದ ಅಂಥ ಬುರುಡೆಗಳನ್ನು ಎದೆಗೋ ಬೆನ್ನಿಗೋ ಬಿಗಿದುಕೊಂಡರೆ ಮೈ ತೇಲುತ್ತದೆ, ಕೈಕಾಲು ಆಡಿಸುವುದಷ್ಟೇ ಉಳಿಯುತ್ತದೆ. ಎದುರು ದಂಡೆಗೆ ನೇರವಾಗಿ ಈಜುವವನು ಹೊಳೆಯನ್ನು ಬಲ್ಲವನಲ್ಲ. ತಲುಪಬೇಕಾದ ಜಾಗಕ್ಕಿಂತ ಬಹಳ ಮೇಲೆ ಹೋಗಿ ನೀರಿಗಿಳಿಯಬೇಕು, ಸೆಳವಿನ ಜೊತೆ ಜಗಳಕ್ಕೆ ನಿಲ್ಲದೆ ಓರೆಯಾಗಿ ಸಾಗಬೇಕು, ಸುಳಿ ಇರುವ ಕಡೆಯನ್ನು ನೀರಿನ ಮೇಲ್ಮೈ ನೋಡಿಯೇ ಗುರುತಿಸಿ ತಪ್ಪಿಸಿಕೊಳ್ಳಬೇಕು. ನಮ್ಮ ಅಪ್ಪನಿಗೆ ಅವರಪ್ಪ ಕಲಿಸಿದ್ದು, ನನಗೆ ಅಪ್ಪ ಕಲಿಸಿದ್ದು ಇದೇ ವಿದ್ಯೆ.

2013ರ ಮಳೆಗಾಲದಲ್ಲಿ ನಮ್ಮೂರಿನ ತುಂಬು ಗರ್ಭಿಣಿಯೊಬ್ಬರು ಮನೆಯವರ ನೆರವಿನಿಂದ ಇದೇ ಬುರುಡೆಗಳನ್ನು ಕಟ್ಟಿಕೊಂಡು ತುಂಬಿದ ಕೃಷ್ಣೆಯನ್ನು ಈಜಿ ದಾಟಿದರು. ಹೆರಿಗೆಗೆ ಆಸ್ಪತ್ರೆ ತಲುಪಲು ಅವರಿಗೆ ಬೇರೆ ದಾರಿ ಇರಲಿಲ್ಲ. ಆ ಸುದ್ದಿ ದೇಶದಾಚೆಗೂ ಹೋಯಿತು. ಸಾಹಸ, ಧೈರ್ಯ, ಛಲ ಎಂಬ ಮಾತುಗಳನ್ನು ಎಲ್ಲರೂ ಆಡಿದರು. ಆ ತಾಯಿಯ ಧೈರ್ಯದ ಬಗ್ಗೆ ನನಗೂ ಅಪಾರ ಗೌರವವಿದೆ. ಆದರೆ ಆ ವರದಿಗಳ ಧಾಟಿ ಅಂದೂ ನನ್ನನ್ನು ನೋಯಿಸಿತ್ತು, ಇಂದೂ ನೋಯಿಸುತ್ತದೆ. ಒಂದು ಯಂತ್ರದೋಣಿ ಅಲ್ಲಿ ಏಕೆ ಇರಲಿಲ್ಲ ಎಂಬ ಪ್ರಶ್ನೆಯೇ ಮೊದಲ ಸಾಲಿನಲ್ಲಿ ಬರಬೇಕಿತ್ತು. ಅದು ಹಲವು ಕಡೆ ಕೊನೆಯ ಸಾಲಿಗೆ ಸರಿದಿತ್ತು. ದಾಟದಿದ್ದರೆ ಜೀವಕ್ಕೇ ಅಪಾಯ ಎಂಬಾಗ ಈಜುವುದು ಕಷ್ಟಕಾಲದ ನಡೆ. ಅದನ್ನು ಆಟದ ಮಾತಿನಲ್ಲಿ ಹೊಗಳುವುದು ಸರಿಯಲ್ಲ.

ಆಟ ಎಂದರೆ ಏನು ಎಂದು ನಾನು ಮಿಲ್ಲಿನಲ್ಲಿ ಕೆಲಸ ಮಾಡುತ್ತ ಯೋಚಿಸಿದ್ದುಂಟು. ನನ್ನ ಜೊತೆಯ ಹಮಾಲರು ದಿನವಿಡೀ ತೊಗರಿಯ ಚೀಲ ಹೊರುತ್ತಾರೆ. ಸಂಜೆಯ ಹೊತ್ತಿಗೆ ಅವರಿಗೆ ಹೆಗಲು ಮುಟ್ಟಿಸಿಕೊಳ್ಳಲೂ ಆಗುವುದಿಲ್ಲ. ಅವರಲ್ಲೇ ಕೆಲವರು ಊರ ಜಾತ್ರೆಗೆ ಹೋದಾಗ ಸಂಗ್ರಾಣಿ ಕಲ್ಲು ಎತ್ತಲು ಮುಂದೆ ಬರುತ್ತಾರೆ, ಹಲಗೆಯ ಸದ್ದಿಗೆ ಮೈ ಹುರಿಗೊಳಿಸಿಕೊಂಡು ಚೀಲಕ್ಕಿಂತ ಎಷ್ಟೋ ಭಾರದ ಕಲ್ಲನ್ನು ಭುಜದಾಚೆಗೆ ಎಸೆದು ನಗುತ್ತಾರೆ. ಭಾರ ಎತ್ತುವ ಮೈ ಅದೇ. ಚೀಲವನ್ನು ಬೇಡ ಎನ್ನುವ ಹಾಗಿಲ್ಲ, ಕಲ್ಲನ್ನು ಬೇಡ ಎನ್ನಬಹುದು; ನನ್ನ ಮಟ್ಟಿಗೆ ಕೆಲಸಕ್ಕೂ ಆಟಕ್ಕೂ ಇರುವ ಅಂತರ ಇಷ್ಟೇ.

ಈ ಅಂತರ ಈಗ ನಮ್ಮ ಗಡ್ಡಿಗೂ ಬಂದಿದೆ. ಊರಿಗೆ ಸೇತುವೆಯಾಗಿದೆ. ಮಹಾಪೂರದ ದಿನಗಳಲ್ಲಿ ಅದನ್ನು ಪೂರ್ತಿ ನಂಬಿ ಕೂರುವಂತಿಲ್ಲ ಎಂಬುದು ನಿಜವಾದರೂ, ಉಳಿದ ದಿನಗಳಲ್ಲಿ ಮಕ್ಕಳು ಬಟ್ಟೆ ಒದ್ದೆಯಾಗದೆ ಶಾಲೆಗೆ ಹೋಗುತ್ತಾರೆ. ಇದಕ್ಕಿಂತ ಸಂತೋಷದ ಮಾತು ನನಗೆ ಇನ್ನೊಂದಿಲ್ಲ. ಆದರೆ ಕಳೆದ ಸಲ ಊರಿಗೆ ಹೋದಾಗ ನಮ್ಮ ಅಕ್ಕನ ಮಗ, ಐದನೆಯ ತರಗತಿಯ ಹುಡುಗ, ಈಜು ಬಾರದವನು ಎಂದು ತಿಳಿಯಿತು. ಜಂತಿಯಲ್ಲಿದ್ದ ಬುರುಡೆಗಳನ್ನು ಯಾವಾಗಲೋ ತೆಗೆದುಹಾಕಿದ್ದರು. ಮೂರು ತಲೆಮಾರಿನ ವಿದ್ಯೆ ಅವನ ಕಾಲಕ್ಕೆ ನಿಂತುಹೋಗುತ್ತಿದೆ. ಅವನು ಪ್ರಾಣ ಪಣಕ್ಕಿಟ್ಟು ಈಜಬೇಕಾಗಿಲ್ಲ ಎಂಬುದು ಒಳ್ಳೆಯದೇ. ಹಾಗೆಂದು ಈಜನ್ನೇ ಕಲಿಯದಿರುವುದು ಒಳ್ಳೆಯದಲ್ಲ. ಗಡ್ಡಿಯ ಮಕ್ಕಳಿಗೆ ಈಜು ನಿಜವಾದ ಕ್ರೀಡೆಯಾಗಲು ಸಾಧ್ಯವಿರುವುದು ಈಗ, ಸೇತುವೆ ಬಂದ ಮೇಲೆ.

2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 10 ಕಿಲೋಮೀಟರ್ ಮ್ಯಾರಥಾನ್ ಈಜು ನಡೆದದ್ದು ಕೊಳದಲ್ಲಲ್ಲ, ಸೀನ್ ನದಿಯಲ್ಲಿ. ಆಗಸ್ಟ್ ತಿಂಗಳ ಆ ಸ್ಪರ್ಧೆಯ ದೃಶ್ಯಗಳನ್ನು ನಾನು ಮೊಬೈಲಿನಲ್ಲಿ ನೋಡಿದೆ. ಪ್ರವಾಹಕ್ಕೆ ಎದುರಾಗಿ ಹೋಗುವಾಗ ಈಜುಗಾರರು ದಂಡೆಯ ಗೋಡೆಯ ಬದಿಗೆ ಸರಿದು, ಸೆಳವು ಕಡಿಮೆ ಇರುವ ನೀರನ್ನು ಹುಡುಕಿಕೊಂಡು ಸಾಗುತ್ತಿದ್ದರು. ಅಪ್ಪ ನನಗೆ ಹೇಳಿಕೊಟ್ಟ ಪಾಠವೂ ಇದೇ ಅಲ್ಲವೇ ಎಂದು ಮೈ ಜುಮ್ಮೆಂದಿತು. ಅದೇ ಒಲಿಂಪಿಕ್ಸ್‌ಗೆ ಭಾರತದ ಈಜು ತಂಡದಲ್ಲಿ ಹೋದವರು ಇಬ್ಬರೇ, ಶ್ರೀಹರಿ ನಟರಾಜ್ ಮತ್ತು ಹದಿನಾಲ್ಕರ ಬಾಲಕಿ ಧಿನಿಧಿ ದೇಸಿಂಗು, ಇಬ್ಬರೂ ಬೆಂಗಳೂರಿನವರು. ಅವರ ಶ್ರಮದ ಬಗ್ಗೆ ಎರಡು ಮಾತಿಲ್ಲ. ಆದರೆ ಕರ್ನಾಟಕದ ಈಜು ಎಂದರೆ ಬೆಂಗಳೂರಿನ ಈಜು ಎಂದಾಗಿರುವುದಕ್ಕೆ ನಮ್ಮ ಮಕ್ಕಳ ತೋಳಿನಲ್ಲಿ ಬಲವಿಲ್ಲ ಎಂಬುದು ಕಾರಣವಲ್ಲ.

ಆಟ ದೊಡ್ಡ ನಗರಗಳಲ್ಲೇ ಉಳಿಯುವುದನ್ನು ಕ್ರಿಕೆಟ್ಟಿನಲ್ಲೂ ಕಂಡಿದ್ದೇವೆ. 2022ರಲ್ಲಿ ಮನೀಶ್ ಪಾಂಡೆ ನಾಯಕತ್ವದ ಗುಲ್ಬರ್ಗ ಮಿಸ್ಟಿಕ್ಸ್ ತಂಡ ರಾಜ್ಯದ ಟಿ20 ಟೂರ್ನಿಯಾದ ಮಹಾರಾಜ ಟ್ರೋಫಿ ಗೆದ್ದಾಗ ಮಿಲ್ಲಿನ ನಾವೆಲ್ಲ ಕುಣಿದಾಡಿದೆವು. ಪಂದ್ಯಗಳು ನಡೆದದ್ದು ಮೈಸೂರಿನಲ್ಲಿ, ಬೆಂಗಳೂರಿನಲ್ಲಿ. ಕಲಬುರಗಿಯ ಹೆಸರು ಗೆದ್ದಿತು, ಕಲಬುರಗಿಯ ಮಕ್ಕಳು ಮೈದಾನದ ಬೇಲಿಯ ಪಕ್ಕ ನಿಂತು ಒಂದು ಎಸೆತವನ್ನೂ ನೋಡಲಿಲ್ಲ.

ಹೊಳೆಯಲ್ಲೇ ಸ್ಪರ್ಧೆ ನಡೆಸಿ ಎಂದು ನಾನು ಕೇಳುವುದಿಲ್ಲ. ಕೃಷ್ಣೆಯಲ್ಲಿ ಮೊಸಳೆಗಳಿವೆ, ಗೇಟು ತೆರೆದರೆ ನೀರಿನ ಮಟ್ಟ ನೋಡನೋಡುತ್ತಿದ್ದಂತೆ ಏರುತ್ತದೆ. ಮಕ್ಕಳ ತರಬೇತಿಗೆ ಅದು ತಕ್ಕ ಜಾಗವಲ್ಲ. ಸುರಪುರದಲ್ಲೋ ಕಕ್ಕೇರಿಯಲ್ಲೋ 25 ಮೀಟರಿನ ಒಂದು ಈಜುಕೊಳ, ಅದಕ್ಕೊಬ್ಬ ತರಬೇತುದಾರ, ಒಬ್ಬ ಜೀವರಕ್ಷಕ, ಹೊಳೆದಂಡೆಯ ಶಾಲೆಗಳಿಂದ ವಾರಕ್ಕೆ ಎರಡು ಸಲ ಮಕ್ಕಳನ್ನು ಕರೆತರುವ ಬಸ್ಸು, ಇಷ್ಟಿದ್ದರೆ ಸಾಕು. ಹೆಣ್ಣುಮಕ್ಕಳಿಗೆ ಬೇರೆ ಸಮಯ, ಹತ್ತಿರದಲ್ಲೇ ಬಟ್ಟೆ ಬದಲಿಸುವ ಕೋಣೆ ಇರಲೇಬೇಕು. ಇಲ್ಲವಾದರೆ ತಾಯಂದಿರು ಕಳಿಸುವುದಿಲ್ಲ. ಮೊದಲ ವರ್ಷಗಳಲ್ಲಿ ಕಲಿಸಲು ಗಡ್ಡಿಯ ಹಿರಿಯರನ್ನೂ ಕೂಡಿಸಿಕೊಳ್ಳಬೇಕು. ಸೆಳವು ಓದುವುದನ್ನು ಅವರಷ್ಟು ಬಲ್ಲವರು ಯಾವ ತರಬೇತಿ ಕೇಂದ್ರದಲ್ಲೂ ಸಿಗಲಾರರು.

ವಾರ್ತೆ ಸಿದ್ಧಪಡಿಸುವ ಹಿರಿಯರಲ್ಲಿಯೂ ನನ್ನದೊಂದು ವಿನಂತಿಯಿದೆ. ಇಷ್ಟು ಲಕ್ಷ ಕ್ಯುಸೆಕ್ ಎಂದು ಹೇಳುವಾಗ, ಆ ನೀರು ಯಾವ ಊರಿನ ದಂಡೆಗೆ ಎಷ್ಟು ಗಂಟೆಗೆ ಬರಲಿದೆ, ಶಹಾಪುರ ತಾಲ್ಲೂಕಿನ ಕೊಳ್ಳೂರು ಸೇತುವೆಯಂಥ ತಗ್ಗಿನ ಸೇತುವೆಗಳ ಮೇಲೆ ಅಂದು ಓಡಾಡಬಹುದೇ ಎಂಬುದನ್ನೂ ಸೇರಿಸಿ ಹೇಳಿರಿ. ದಂಡೆಯ ಹೊಲದಲ್ಲಿ ಪಂಪ್‌ಸೆಟ್ ಬಿಟ್ಟವರು ಅದನ್ನು ಎತ್ತಿ ತರಲು, ಆಚೆಗೆ ದನ ಮೇಯಲು ಬಿಟ್ಟವರು ಹೊಡೆದುಕೊಂಡು ಬರಲು, ದಿನ ತುಂಬಿದ ಬಸುರಿಯನ್ನು ಒಂದು ದಿನ ಮೊದಲೇ ಕಕ್ಕೇರಿಯ ನೆಂಟರ ಮನೆಗೆ ಕರೆದೊಯ್ಯಲು ಆ ಒಂದು ಮಾತಿನಿಂದ ಸಮಯ ಸಿಗುತ್ತದೆ.

ಇಷ್ಟು ಹೊತ್ತು ಕೇಳಿದ ನಿಮಗೆಲ್ಲರಿಗೂ ಶರಣು.